ಬಾಗಿಲು ತೆರೆದ ಮೇಲೆ

ವೈದ್ಯರನ್ನು ಕುರಿತು ನಾವು ಮಾತನಾಡುವಾಗ ಸಾಮಾನ್ಯವಾಗಿ ರೋಗಿಯ ದೃಷ್ಟಿಯಿಂದಲೇ ಮಾತನಾಡುತ್ತೇವೆ. ಇವರ ಕೈಗುಣ ಒಳ್ಳೆಯದು, ಅವರ ಔಷಧ ಬೇಗ ನಾಟುತ್ತದೆ, ಇನ್ನೊಬ್ಬರ ವಿದ್ಯೆ ದೊಡ್ಡದು ಆದರೆ ಮಾತು ಒರಟು, ಹೀಗೆ. ಆ ವೈದ್ಯನನ್ನು ತಿದ್ದಿ ತೀಡಿ ವೈದ್ಯನನ್ನಾಗಿ ಮಾಡಿದ ಗುರುಗಳು ಯಾರು, ಅವರ ಬದುಕು ಹೇಗೆ ನಡೆಯುತ್ತದೆ, ಅವರು ತಮ್ಮ ವೃತ್ತಿಯಲ್ಲಿ ಬೆಳೆಯುತ್ತಾರೆಯೇ ಅಥವಾ ನಿಂತಲ್ಲೇ ಬಾಡುತ್ತಾರೆಯೇ ಎಂಬ ಪ್ರಶ್ನೆ ನಮ್ಮ ಮನಸ್ಸಿಗೆ ಬರುವುದು ಅಪರೂಪ. ನಾನು ವೈದ್ಯನಲ್ಲ, ಆಯುಷ್ಯದ ಬಹುಭಾಗವನ್ನು ಕನ್ನಡ ಪಾಠ ಹೇಳುವುದರಲ್ಲಿ ಕಳೆದವನು. ಆದರೆ ಅಧ್ಯಾಪಕನಾದವನಿಗೆ ಅಧ್ಯಾಪಕರ ಪಾಡು, ಅದು ಯಾವ ಶಾಸ್ತ್ರದ್ದೇ ಆಗಲಿ, ತಕ್ಕಮಟ್ಟಿಗೆ ಅರ್ಥವಾಗುತ್ತದೆ. ಆ ಒಂದೇ ಅಧಿಕಾರದಿಂದ ಈ ಹೊತ್ತು ವೈದ್ಯಕೀಯ ಅಧ್ಯಾಪಕರ ಬೆಳವಣಿಗೆಯನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ವೈದ್ಯಕೀಯ ಕಾಲೇಜಿನ ಅಧ್ಯಾಪಕನಿಗೆ ಮೂರು ನೊಗ. ಬೆಳಿಗ್ಗೆ ಅವನು ರೋಗಿಗಳನ್ನು ನೋಡಬೇಕು. ಅದೇ ರೋಗಿಗಳ ಹಾಸಿಗೆಯ ಬಳಿ ನಿಂತು ವಿದ್ಯಾರ್ಥಿಗಳಿಗೆ ಪಾಠ ಹೇಳಬೇಕು. ಉಳಿದ ಹೊತ್ತಿನಲ್ಲಿ ಪ್ರಯೋಗಶಾಲೆಯಲ್ಲಿ ಕುಳಿತು ಹೊಸದನ್ನು ಹುಡುಕಬೇಕು. ಈ ಮೂರನ್ನೂ ಎಳೆಯುತ್ತ ಅವನು ಕೆಳಗಿನ ಮೆಟ್ಟಿಲಿನಿಂದ ಸಹಾಯಕ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಪೂರ್ಣ ಪ್ರಾಧ್ಯಾಪಕ ಎಂದು ಮೇಲೇರಬೇಕು. ಇದು ಕೇವಲ ಸಂಬಳದ ಮಾತಲ್ಲ. ಮೇಲಿನ ಮೆಟ್ಟಿಲಿನಲ್ಲಿ ಇರುವವನಿಗೆ ಪ್ರಯೋಗಶಾಲೆ ಸಿಗುತ್ತದೆ, ಶಿಷ್ಯರು ಸಿಗುತ್ತಾರೆ, ಯಾವ ರೋಗದ ಹಿಂದೆ ಹೋಗಬೇಕು ಎಂದು ನಿರ್ಧರಿಸುವ ಸ್ವಾತಂತ್ರ್ಯ ಸಿಗುತ್ತದೆ. ಆದ್ದರಿಂದ ಆ ಏಣಿಯನ್ನು ಯಾರು ಏರುತ್ತಾರೆ, ಯಾರು ಏರಲಾರದೆ ನಿಲ್ಲುತ್ತಾರೆ ಎಂಬುದು ಕೊನೆಗೆ ರೋಗಿಯ ಪ್ರಾಣಕ್ಕೇ ಸಂಬಂಧಿಸಿದ ವಿಷಯ.

ಇದನ್ನು ಬರಿಯ ತತ್ತ್ವವಾಗಿ ಹೇಳುವುದಕ್ಕಿಂತ ಒಂದು ಸಂಸ್ಥೆಯ ಚರಿತ್ರೆಯನ್ನು ಹಿಡಿದು ನೋಡುವುದು ಮೇಲು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿರುವ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಯನ್ನು ಆರಿಸಿಕೊಂಡಿದ್ದೇನೆ. ಆಧುನಿಕ ವೈದ್ಯ ಶಿಕ್ಷಣಕ್ಕೆ ಅದು ಮಾದರಿಯಾಯಿತು ಎಂಬುದು ಒಂದು ಕಾರಣ. ಸುಮಾರು ನೂರು ವರ್ಷಗಳಲ್ಲಿ ಅದು ಮಾಡಿದ ಒಳ್ಳೆಯದೂ ಮಾಡದೆ ಬಿಟ್ಟ ಒಳ್ಳೆಯದೂ ಎರಡೂ ನಮ್ಮ ಮುಂದೆ ದಾಖಲೆಯಾಗಿ ನಿಂತಿವೆ ಎಂಬುದು ಇನ್ನೊಂದು ಕಾರಣ.

ಜಾನ್ಸ್ ಹಾಪ್ಕಿನ್ಸ್ ಎಂಬ ವರ್ತಕ ೧೮೭೩ರಲ್ಲಿ ತೀರಿಕೊಂಡಾಗ ವಿಶ್ವವಿದ್ಯಾಲಯಕ್ಕೂ ಆಸ್ಪತ್ರೆಗೂ ಸೇರಿ ಎಪ್ಪತ್ತು ಲಕ್ಷ ಡಾಲರುಗಳನ್ನು ಬಿಟ್ಟುಹೋದ. ಆಸ್ಪತ್ರೆ ೧೮೮೯ರಲ್ಲಿ ತೆರೆಯಿತು. ಆದರೆ ವಿಶ್ವವಿದ್ಯಾಲಯದ ಹಣವಿದ್ದದ್ದು ರೈಲ್ವೆ ಕಂಪನಿಯ ಷೇರುಗಳಲ್ಲಿ. ಆ ಷೇರುಗಳ ಆದಾಯ ಬತ್ತಿಹೋಗಿ, ವೈದ್ಯಕೀಯ ಶಾಲೆಯನ್ನು ಆರಂಭಿಸಲು ಹಣವಿಲ್ಲದೆ ಧರ್ಮದರ್ಶಿಗಳು ಕೈಕಟ್ಟಿ ಕುಳಿತರು. ಆಗ ಮುಂದೆ ಬಂದವರು ಊರಿನ ಕೆಲವು ಹೆಣ್ಣುಮಕ್ಕಳು. ಅವರಲ್ಲಿ ನಾಲ್ವರು ಆ ಧರ್ಮದರ್ಶಿಗಳ ಪುತ್ರಿಯರೇ. ಮೇರಿ ಎಲಿಜಬೆತ್ ಗ್ಯಾರೆಟ್ ಎಂಬ ಶ್ರೀಮಂತ ಮಹಿಳೆ ಅವರಿಗೆ ಮುಖ್ಯಳು. ಅವರು ಊರೂರಿನಲ್ಲಿ ಸಮಿತಿಗಳನ್ನು ಕಟ್ಟಿ ಹಣ ಕೂಡಿಸಿದರು. ಅಗತ್ಯವಿದ್ದ ಐದು ಲಕ್ಷ ಡಾಲರಿಗೆ ಇನ್ನೂ ಕೊರತೆ ಬಿದ್ದಾಗ ಗ್ಯಾರೆಟ್ ೧೮೯೨ರ ಕೊನೆಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಡಾಲರುಗಳನ್ನು ತಾನೊಬ್ಬಳೇ ಕೊಟ್ಟಳು.

ಆದರೆ ಆ ಹಣಕ್ಕೆ ಷರತ್ತುಗಳಿದ್ದವು. ಗಂಡಸರಿಗೆ ಯಾವ ನಿಯಮವೋ ಅದೇ ನಿಯಮದಲ್ಲಿ ಹೆಂಗಸರಿಗೂ ಪ್ರವೇಶ ಕೊಡಬೇಕು ಎಂಬುದು ಒಂದು. ಶಾಲೆಗೆ ಸೇರುವವರೆಲ್ಲರೂ ಮೊದಲೇ ಪದವೀಧರರಾಗಿರಬೇಕು, ವಿಜ್ಞಾನದ ತಳಹದಿ ಇರಬೇಕು, ಫ್ರೆಂಚ್ ಮತ್ತು ಜರ್ಮನ್ ಭಾಷೆಗಳನ್ನು ಬಲ್ಲವರಾಗಿರಬೇಕು ಎಂಬುದು ಇನ್ನೊಂದು. ಆ ಕಾಲದ ಅಮೆರಿಕದಲ್ಲಿ ಇಷ್ಟು ಕಠಿಣವಾದ ಪ್ರವೇಶ ನಿಯಮ ಎಲ್ಲೂ ಇರಲಿಲ್ಲ. ಇಷ್ಟು ಎತ್ತರದ ಹೊಸ್ತಿಲಾದರೆ ವಿದ್ಯಾರ್ಥಿಗಳಾಗಿ ನಾವೇ ಒಳಗೆ ಬರಲಾಗುತ್ತಿರಲಿಲ್ಲ, ಪ್ರಾಧ್ಯಾಪಕರಾಗಿ ಬಂದದ್ದು ನಮ್ಮ ಪುಣ್ಯ ಎಂದು ವಿಲಿಯಂ ಆಸ್ಲರ್ ತಮ್ಮ ಸಹೋದ್ಯೋಗಿ ವಿಲಿಯಂ ವೆಲ್ಚ್ ಅವರೊಡನೆ ವಿನೋದವಾಡಿದರಂತೆ. ಈ ಎರಡು ಷರತ್ತುಗಳೂ ಒಂದೇ ಕೈಯಿಂದ ಬಂದವು ಎಂಬುದನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಎಲ್ಲರನ್ನೂ ಒಳಗೆ ಬಿಟ್ಟರೆ ಮಟ್ಟ ಇಳಿದುಹೋಗುತ್ತದೆ ಎಂಬ ವಾದ ಎಲ್ಲ ದೇಶಗಳಲ್ಲೂ ಕೇಳಿಬರುತ್ತದೆ. ಇಲ್ಲಿ ಬಾಗಿಲನ್ನು ಅಗಲ ಮಾಡಿದವಳೇ ಮಟ್ಟವನ್ನೂ ಏರಿಸಿದಳು.

೧೮೯೩ರ ಅಕ್ಟೋಬರಿನಲ್ಲಿ ಶಾಲೆ ಆರಂಭವಾಯಿತು. ಮೊದಲ ತರಗತಿಯ ಹದಿನೆಂಟು ಮಂದಿಯಲ್ಲಿ ಮೂವರು ಹೆಂಗಸರು. ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತವೆನ್ನಬಹುದಾಗಿತ್ತು. ಬಾಗಿಲು ತೆರೆಯಿತು, ಜನ ಒಳಗೆ ಬಂದರು. ಆದರೆ ಒಳಗೆ ಬಂದವರು ಒಳಗೆ ಹೇಗೆ ಬೆಳೆದರು? ನಿಜವಾದ ಪ್ರಶ್ನೆ ಅಲ್ಲಿಂದ ಪ್ರಾರಂಭವಾಗುತ್ತದೆ.

ಫ್ಲಾರೆನ್ಸ್ ಸೇಬಿನ್ ೧೯೦೦ರಲ್ಲಿ ಈ ಶಾಲೆಯಿಂದ ಪದವಿ ಪಡೆದವರು. ಕೊಲೊರಾಡೋದ ಗಣಿಗಾರಿಕೆಯ ಊರೊಂದರಲ್ಲಿ ಹುಟ್ಟಿದವರು. ಅಂಗರಚನಾ ಶಾಸ್ತ್ರದ ಮುಖ್ಯ ಪ್ರಾಧ್ಯಾಪಕ ಫ್ರಾಂಕ್ಲಿನ್ ಮಾಲ್ ಈ ವಿದ್ಯಾರ್ಥಿನಿಯ ಸಾಮರ್ಥ್ಯವನ್ನು ಗುರುತಿಸಿ ಸಂಶೋಧನೆಗೆ ಹಚ್ಚಿದರು. ದೇಹದ ದುಗ್ಧರಸ ನಾಳಗಳು ಭ್ರೂಣದಲ್ಲಿ ಹೇಗೆ ಹುಟ್ಟುತ್ತವೆ ಎಂಬ ವಿಷಯದಲ್ಲಿ ಸೇಬಿನ್ ಮಾಡಿದ ಕೆಲಸ ಪ್ರಸಿದ್ಧವಾದದ್ದು. ೧೯೦೨ರಲ್ಲಿ ಅಧ್ಯಾಪಕ ವರ್ಗಕ್ಕೆ ಸೇರಿ, ೧೯೧೭ರಲ್ಲಿ ಪೂರ್ಣ ಪ್ರಾಧ್ಯಾಪಕರಾದರು. ಆ ಶಾಲೆಯಲ್ಲಿ ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರೇ. ಅದೇ ವರ್ಷ ಗುರು ಮಾಲ್ ತೀರಿಕೊಂಡರು. ವಿಭಾಗದ ಮುಖ್ಯಸ್ಥಾನ ಸೇಬಿನ್ ಅವರಿಗೆ ಬರುವುದು ಸಹಜವೆಂದು ಅನೇಕರು ಎಣಿಸಿದ್ದರು. ಆದರೆ ಅದು ಅವರ ಹಿಂದಿನ ವಿದ್ಯಾರ್ಥಿಯಾಗಿದ್ದ ಲೂಯಿಸ್ ವೀಡ್ ಅವರಿಗೆ ಹೋಯಿತು. ಸೇಬಿನ್ ದೂರಲಿಲ್ಲ; ಕೈಯಲ್ಲಿ ಕೆಲಸವಿದೆ ಎಂದು ಇನ್ನೂ ಎಂಟು ವರ್ಷ ಅಲ್ಲಿಯೇ ದುಡಿದರು. ೧೯೨೫ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಗೆ ಹೊರಟುಹೋದರು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ಆ ಗೌರವ ಪಡೆದ ಮೊದಲ ಮಹಿಳೆಯೂ ಅವರೇ.

ಶಿಷ್ಯನಿಂದ ಸೋಲನ್ನು ಬಯಸಬೇಕೆಂದು ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ಆ ಸೋಲು ವಿದ್ಯೆಯಲ್ಲಿ ಆಗಬೇಕಾದ ಸೋಲು. ವಿದ್ಯೆಯಲ್ಲಿ ಮುಂದಿದ್ದ ಗುರುವನ್ನು ಹೆಣ್ಣೆಂಬ ಕಾರಣದಿಂದ ಬದಿಗಿಟ್ಟು ಶಿಷ್ಯನನ್ನು ಮುಂದೆ ಕೂರಿಸಿದರೆ ಅಲ್ಲಿ ಸೋತದ್ದು ಗುರುವಲ್ಲ, ಸಂಸ್ಥೆ. ಇಲ್ಲಿ ನಿಯಮವೇನೂ ಮುರಿದಿರಲಿಲ್ಲ. ಗ್ಯಾರೆಟ್ ಬರೆಸಿದ ಷರತ್ತು ಪ್ರವೇಶದ ಬಗೆಗೆ ಹೇಳಿತ್ತೇ ಹೊರತು ಒಳಗಿನ ಏಣಿಯ ಬಗೆಗೆ ಹೇಳಿರಲಿಲ್ಲ. ಕಾಗದದಲ್ಲಿ ಬರೆಯದ ಜಾಗದಲ್ಲಿ ಹಳೆಯ ಅಭ್ಯಾಸ ತಾನೇ ತಾನಾಗಿ ಬಂದು ಕುಳಿತುಕೊಂಡಿತು.

ಮುಂದಿನ ತಲೆಮಾರಿನಲ್ಲಿ ಇದೇ ಸಂಸ್ಥೆಯಲ್ಲಿ ನಡೆದ ಇನ್ನೊಂದು ಘಟನೆ ಇಡೀ ಜಗತ್ತಿಗೆ ಗೊತ್ತು. ಹುಟ್ಟುವಾಗಲೇ ಹೃದಯದ ರಚನೆಯಲ್ಲಿ ದೋಷವಿದ್ದು, ರಕ್ತಕ್ಕೆ ಸಾಕಷ್ಟು ಪ್ರಾಣವಾಯು ಸಿಗದೆ ಮೈ ನೀಲಿಗಟ್ಟುವ ಶಿಶುಗಳಿರುತ್ತವೆ. ಅವುಗಳನ್ನು ನೀಲಿ ಶಿಶುಗಳು ಎನ್ನುತ್ತಾರೆ. ಅಂಥ ಮಕ್ಕಳು ಕಣ್ಣೆದುರಿಗೆ ಸಾಯುವುದನ್ನು ನೋಡುವುದಲ್ಲದೆ ಬೇರೆ ದಾರಿ ಇಲ್ಲದ ಕಾಲವದು. ಮಕ್ಕಳ ಹೃದಯ ಚಿಕಿತ್ಸಾಲಯವನ್ನು ೧೯೩೦ರಿಂದ ನಡೆಸುತ್ತಿದ್ದವರು ಹೆಲೆನ್ ಟಾಸಿಗ್. ಹಾರ್ವರ್ಡ್ ವೈದ್ಯಕೀಯ ಶಾಲೆ ಆಗ ಹೆಂಗಸರಿಗೆ ಪದವಿ ಕೊಡುತ್ತಿರಲಿಲ್ಲವಾದ್ದರಿಂದ ಬಾಲ್ಟಿಮೋರಿಗೆ ಬಂದು ೧೯೨೭ರಲ್ಲಿ ವೈದ್ಯರಾದವರು. ಅವರಿಗೆ ಕಿವಿ ಮಂದವಾಗಿತ್ತು. ಹೃದಯವೈದ್ಯರಿಗೆ ಕಿವಿಯೇ ಮುಖ್ಯ ಸಾಧನವೆಂದು ನಾವು ತಿಳಿಯುತ್ತೇವೆ. ಟಾಸಿಗ್ ಶಿಶುವಿನ ಎದೆಯ ಮೇಲೆ ಬೆರಳಿಟ್ಟು, ಮಿಡಿತವನ್ನು ಸ್ಪರ್ಶದಿಂದ ಓದುವುದನ್ನು ಅಭ್ಯಾಸ ಮಾಡಿಕೊಂಡರು. ಶ್ವಾಸಕೋಶಕ್ಕೆ ಹೋಗುವ ರಕ್ತ ಕಡಿಮೆಯಾದದ್ದೇ ನೀಲಿ ಶಿಶುಗಳ ಸಾವಿಗೆ ಕಾರಣ, ಆ ರಕ್ತವನ್ನು ಹೆಚ್ಚಿಸುವ ಹೊಸ ದಾರಿಯೊಂದನ್ನು ಮಾಡಿಕೊಡಬಹುದು ಎಂಬುದು ಅವರ ಊಹೆ. ಅದನ್ನು ಅವರು ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥ ಆಲ್ಫ್ರೆಡ್ ಬ್ಲೇಲಾಕ್ ಅವರ ಮುಂದಿಟ್ಟರು.

ಬ್ಲೇಲಾಕ್ ಅವರ ಪ್ರಯೋಗಶಾಲೆಯಲ್ಲಿ ವಿವಿಯನ್ ಥಾಮಸ್ ಎಂಬ ಕಪ್ಪು ಜನಾಂಗದ ಸಹಾಯಕರಿದ್ದರು. ಬಡಗಿಯ ಕೆಲಸ ಕಲಿತವರು. ವೈದ್ಯನಾಗಬೇಕೆಂದು ಕೂಡಿಟ್ಟ ಹಣ ೧೯೩೦ರಲ್ಲಿ ಬ್ಯಾಂಕು ಮುಳುಗಿದಾಗ ಕರಗಿಹೋಯಿತು. ಕಾಲೇಜಿನ ಮೆಟ್ಟಿಲು ಹತ್ತದ ಈ ಮನುಷ್ಯ ನ್ಯಾಶ್‌ವಿಲ್‌ನಲ್ಲಿ ಬ್ಲೇಲಾಕ್ ಅವರ ಬಳಿ ಕೆಲಸಕ್ಕೆ ಸೇರಿ, ಪ್ರಾಣಿಗಳ ಮೇಲೆ ಅತಿ ಸೂಕ್ಷ್ಮವಾದ ಶಸ್ತ್ರಕ್ರಿಯೆಗಳನ್ನು ಮಾಡುವ ಕೌಶಲವನ್ನು ಗಳಿಸಿದರು. ೧೯೪೧ರಲ್ಲಿ ಅವರೊಡನೆ ಬಾಲ್ಟಿಮೋರಿಗೆ ಬಂದರು. ನೀಲಿ ಶಿಶುವಿನ ದೋಷವನ್ನು ನಾಯಿಗಳಲ್ಲಿ ಕೃತಕವಾಗಿ ಉಂಟುಮಾಡಿ, ತೋಳಿನ ಕಡೆಗೆ ಹೋಗುವ ಅಪಧಮನಿಯನ್ನು ಶ್ವಾಸಕೋಶದ ಅಪಧಮನಿಗೆ ಹೊಲಿದು ಸೇರಿಸುವ ವಿಧಾನವನ್ನು ಅನೇಕ ತಿಂಗಳ ಪ್ರಯೋಗದಿಂದ ಸಿದ್ಧಪಡಿಸಿದವರು ಥಾಮಸ್. ೧೯೪೪ರ ನವೆಂಬರ್ ೨೯ರಂದು ಮೊದಲ ಬಾರಿ ಒಂದು ಹೆಣ್ಣುಶಿಶುವಿಗೆ ಆ ಶಸ್ತ್ರಚಿಕಿತ್ಸೆ ನಡೆದಾಗ ಚಾಕು ಹಿಡಿದವರು ಬ್ಲೇಲಾಕ್. ಅವರ ಬೆನ್ನ ಹಿಂದೆ, ಪೀಠವೊಂದರ ಮೇಲೆ ನಿಂತು ಹೆಜ್ಜೆ ಹೆಜ್ಜೆಗೂ ಸೂಚನೆ ಕೊಟ್ಟವರು ಥಾಮಸ್.

೧೯೪೫ರಲ್ಲಿ ಆ ಚಿಕಿತ್ಸೆಯನ್ನು ಕುರಿತ ಪ್ರಬಂಧ ಪ್ರಕಟವಾಯಿತು. ಅದರ ಮೇಲೆ ಎರಡು ಹೆಸರುಗಳಿದ್ದವು: ಬ್ಲೇಲಾಕ್, ಟಾಸಿಗ್. ಥಾಮಸ್ ಹೆಸರಿರಲಿಲ್ಲ. ಬ್ಲೇಲಾಕ್ ಅದೇ ವರ್ಷ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ಟಾಸಿಗ್ ಆಯ್ಕೆಯಾದದ್ದು ೧೯೭೩ರಲ್ಲಿ. ಟಾಸಿಗ್ ಪೂರ್ಣ ಪ್ರಾಧ್ಯಾಪಕರಾದದ್ದು ೧೯೫೯ರಲ್ಲಿ. ಅಂದರೆ ಜಗತ್ತಿನ ಮೂಲೆಮೂಲೆಗಳಿಂದ ವೈದ್ಯರು ಅವರಲ್ಲಿ ಕಲಿಯಲು ಬಂದುಹೋಗುತ್ತಿದ್ದ ಎಷ್ಟೋ ವರ್ಷಗಳ ಮೇಲೆ. ಥಾಮಸ್ ವಿಷಯವಂತೂ ಇನ್ನೂ ದೂರ. ಹಗಲು ಹೊತ್ತು ಅವರು ಯುವ ಶಸ್ತ್ರವೈದ್ಯರಿಗೆ ಕೈ ಹಿಡಿದು ಕಲಿಸುತ್ತಿದ್ದರು. ಹೂಸ್ಟನ್ನಿನಲ್ಲಿ ಮುಂದೆ ಹೆಸರಾಂತ ಹೃದಯ ಶಸ್ತ್ರಜ್ಞರಾದ ಡೆಂಟನ್ ಕೂಲಿ ಅವರಂಥವರು ಆ ಕೈಯಲ್ಲಿ ಪಳಗಿದವರೇ. ಆದರೆ ಸಂಬಳ ಸಂಸಾರಕ್ಕೆ ಸಾಲದೆ, ಬ್ಲೇಲಾಕ್ ಮನೆಯ ಔತಣಗಳಲ್ಲಿ ಅದೇ ವೈದ್ಯರಿಗೆ ಪಾನೀಯ ಬಡಿಸುವ ಕೆಲಸಕ್ಕೂ ಅವರು ನಿಲ್ಲುತ್ತಿದ್ದರು.

ಏಕಲವ್ಯನ ಕಥೆ ನಮಗೆಲ್ಲ ಗೊತ್ತು. ಅಲ್ಲಿ ಗುರು ಶಿಷ್ಯನ ಹೆಬ್ಬೆರಳನ್ನು ಕೇಳಿದ. ಬಾಲ್ಟಿಮೋರಿನಲ್ಲಿ ಹೆಬ್ಬೆರಳನ್ನು ಯಾರೂ ಕೇಳಲಿಲ್ಲ. ಆ ಬೆರಳು ಎಲ್ಲರಿಗೂ ಬೇಕಾಗಿತ್ತು. ಬೆರಳಿನ ಕೆಲಸವನ್ನು ಇಟ್ಟುಕೊಂಡು ಹೆಸರನ್ನು ಮಾತ್ರ ಹೊರಗಿಟ್ಟರು. ಬ್ಲೇಲಾಕ್ ಕೆಟ್ಟ ಮನುಷ್ಯರೇನೂ ಅಲ್ಲ. ಥಾಮಸ್ ಅವರನ್ನು ನಂಬಿದರು, ತಮ್ಮ ಜೊತೆಗೆ ಕರೆತಂದರು, ಅವರಿಲ್ಲದೆ ಮೊದಲ ಶಸ್ತ್ರಚಿಕಿತ್ಸೆಗೆ ಕೈಹಾಕಲಿಲ್ಲ. ಆದರೂ ಸಂಸ್ಥೆಯ ಏಣಿಯಲ್ಲಿ ಇಂಥವನಿಗೆ ಒಂದು ಮೆಟ್ಟಿಲು ಬೇಕು ಎಂಬುದು ಆ ಕಾಲದ ಬುದ್ಧಿಗೆ ಹೊಳೆಯಲಿಲ್ಲ. ಒಳ್ಳೆಯ ಮನುಷ್ಯರಿದ್ದರೆ ಸಾಕು, ಒಳ್ಳೆಯ ವ್ಯವಸ್ಥೆ ಬೇಡ ಎನ್ನುವವರು ಈ ಘಟನೆಯನ್ನು ಸಾವಧಾನವಾಗಿ ಯೋಚಿಸಬೇಕು.

ಥಾಮಸ್ ಕೈಯಲ್ಲಿ ಕಲಿತ ಶಸ್ತ್ರವೈದ್ಯರೇ ಕೂಡಿ ಅವರ ಭಾವಚಿತ್ರವನ್ನು ಬರೆಸಿ ೧೯೭೧ರಲ್ಲಿ ಸಂಸ್ಥೆಗೆ ಒಪ್ಪಿಸಿದರು. ೧೯೭೬ರಲ್ಲಿ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅಧ್ಯಾಪಕ ವರ್ಗದಲ್ಲೂ ಅವರ ಹೆಸರು ಸೇರಿತು. ಬಾಲ್ಟಿಮೋರಿಗೆ ಬಂದು ಆಗ ಮೂವತ್ತೈದು ವರ್ಷ. ಇಂದು ಆ ಶಸ್ತ್ರಕ್ರಿಯೆಯ ಹೆಸರಿನಲ್ಲಿ ಥಾಮಸ್ ಹೆಸರನ್ನೂ ಸೇರಿಸಿ ಹೇಳುವ ವೈದ್ಯರು ಅನೇಕರಿದ್ದಾರೆ. ತಡವಾಗಿ ಬಂದ ನ್ಯಾಯವೂ ನ್ಯಾಯವೇ. ಆದರೆ ನಡುವಿನ ಮೂವತ್ತೈದು ವರ್ಷಗಳನ್ನು ಅದು ಹಿಂದಿರುಗಿಸಲಾರದು.

ಇದೇ ಆಸ್ಪತ್ರೆಗೆ ೧೯೭೧ರಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿಗೆ ಬಂದವರು ಲೀವೈ ವಾಟ್ಕಿನ್ಸ್. ಅಲಬಾಮದ ಮಾಂಟ್ಗಾಮರಿಯಲ್ಲಿ ಬೆಳೆದು, ಬಾಲ್ಯದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಉಪದೇಶ ಮಾಡುತ್ತಿದ್ದ ಚರ್ಚಿಗೆ ಹೋಗುತ್ತಿದ್ದವರು. ಹೃದಯದ ಬಡಿತ ತಪ್ಪಿದಾಗ ತಾನಾಗಿಯೇ ಸರಿಪಡಿಸುವ ಯಂತ್ರವನ್ನು ೧೯೮೦ರಲ್ಲಿ ಮೊದಲ ಬಾರಿಗೆ ಮನುಷ್ಯನ ದೇಹದಲ್ಲಿ ಅಳವಡಿಸಿದ ಶಸ್ತ್ರವೈದ್ಯರು ಅವರೇ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅವರ ಇನ್ನೊಂದು ಕೆಲಸ. ೧೯೭೯ರಲ್ಲಿ ಅವರು ವೈದ್ಯಕೀಯ ಶಾಲೆಯ ಪ್ರವೇಶ ಸಮಿತಿಯನ್ನು ಸೇರಿ, ದೇಶದ ಮೂಲೆಗಳಲ್ಲಿದ್ದ ಕಪ್ಪು ವಿದ್ಯಾರ್ಥಿಗಳನ್ನು ಹುಡುಕಿ ಕರೆತರುವುದಕ್ಕೆ ತೊಡಗಿದರು. ತಾನು ಏರಿದ ಮೇಲೆ ಏಣಿಯನ್ನು ಎಳೆದುಕೊಳ್ಳುವ ಜನರೇ ಹೆಚ್ಚು. ಇವರು ಅದನ್ನು ಕೆಳಗೆ ಹಿಡಿದು ನಿಂತರು.

ಇಷ್ಟೂ ಕಥೆ ಹೇಳಿದ್ದು ಕೊನೆಯ ಒಂದು ಪ್ರಯತ್ನವನ್ನು ವಿವರಿಸುವುದಕ್ಕಾಗಿ. ೧೯೯೦ರಲ್ಲಿ, ಶಾಲೆ ಆರಂಭವಾಗಿ ನೂರು ವರ್ಷ ಸಮೀಪಿಸುತ್ತಿದ್ದ ಕಾಲದಲ್ಲಿ, ಅಲ್ಲಿನ ವೈದ್ಯಶಾಸ್ತ್ರ ವಿಭಾಗ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ನಿರ್ಧರಿಸಿತು. ಸಹ ಪ್ರಾಧ್ಯಾಪಕರಾಗಿದ್ದ ಮಹಿಳೆಯರು ಆಗ ಕೇವಲ ನಾಲ್ವರು. ಇನ್ನು ಹತ್ತು ವರ್ಷದ ಮೇಲೆ ನೀವು ಈ ವೃತ್ತಿಯಲ್ಲಿ ಇರುತ್ತೀರಾ ಎಂದು ಕೇಳಿದಾಗ, ಮೂವತ್ತು ಮಂದಿ ಮಹಿಳೆಯರಲ್ಲಿ ಇರುತ್ತೇವೆ ಎಂದು ನಂಬಿದವರು ಏಳು ಮಂದಿ. ಉಳಿದವರು ಮನಸ್ಸಿನಲ್ಲಿ ಆಗಲೇ ಗಂಟುಮೂಟೆ ಕಟ್ಟಿದ್ದರು ಎಂದು ಅರ್ಥ.

ವಿಭಾಗ ಮಾಡಿದ ಕೆಲಸ ಬಲು ಸರಳವಾದದ್ದು. ಮೊದಲು ತೊಂದರೆ ಏನೆಂದು ತೊಂದರೆಪಡುವವರನ್ನೇ ಕೇಳಿತು. ವಿಭಾಗದ ಹಿರಿಯರೇ ಮುಂದೆ ನಿಂತು ಇದು ನಮ್ಮೆಲ್ಲರ ಕೆಲಸ ಎಂದು ಒಪ್ಪಿಕೊಂಡರು. ಕಿರಿಯ ಅಧ್ಯಾಪಕರಿಗೆ ದಾರಿ ತೋರಿಸುವ ಹಿರಿಯರ ನೆರವು ಸಿಗುವಂತೆ ನೋಡಿಕೊಂಡರು. ಹೇಗೆ ನೆರವಾಗಬೇಕು ಎಂಬುದನ್ನು ಆ ಹಿರಿಯರಿಗೂ ಕಲಿಸಿದರು. ಬಡ್ತಿಗೆ ಏನೇನು ಬೇಕು ಎಂಬ ಮಾಹಿತಿ ಎಲ್ಲರ ಕೈಗೂ ಸಿಗುವ ಹಾಗೆ ಮಾಡಿದರು. ಸಂಬಳದಲ್ಲಿ ಇದ್ದ ತಾರತಮ್ಯವನ್ನು ಎದುರಿಸಿದರು. ಸಂಜೆಯ ಹೊತ್ತಿನಲ್ಲೂ ವಾರದ ಕೊನೆಯಲ್ಲೂ ನಡೆಯುತ್ತಿದ್ದ ಸಭೆಗಳನ್ನು ಕೆಲಸದ ವೇಳೆಗೆ ತಂದರು. ಕೊನೆಯ ಈ ಮಾತು ಸಣ್ಣದೆಂದು ತೋರಬಹುದು. ಆದರೆ ಮನೆಯಲ್ಲಿ ಮಗುವಿರುವ ತಾಯಿ ಸಂಜೆ ಆರಕ್ಕೆ ನಡೆಯುವ ಸಭೆಯಲ್ಲಿ ಇರಲಾರಳು. ಸಭೆಯಲ್ಲಿ ಇಲ್ಲದವರ ಹೆಸರು ಸಭೆಯ ನೆನಪಿಗೂ ಬಾರದು. ಯಾರೂ ಯಾರನ್ನೂ ಹೊರಗಟ್ಟಿರುವುದಿಲ್ಲ, ಗಡಿಯಾರವೇ ಹೊರಗಟ್ಟಿರುತ್ತದೆ. ನಮ್ಮ ಕಾಲೇಜುಗಳಲ್ಲಿ ದುಡಿದವರಿಗೂ ಈ ಗಡಿಯಾರದ ಪರಿಚಯ ಇಲ್ಲದೆ ಇಲ್ಲ.

ಈ ಪ್ರಯತ್ನದ ಫಲವನ್ನು ಲಿಂಡಾ ಫ್ರೀಡ್ ಮತ್ತು ಅವರ ಸಹೋದ್ಯೋಗಿಗಳು ೧೯೯೬ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ನಾಲ್ವರಿದ್ದ ಮಹಿಳಾ ಸಹ ಪ್ರಾಧ್ಯಾಪಕರು ೧೯೯೫ರ ಹೊತ್ತಿಗೆ ಇಪ್ಪತ್ತಾರು ಮಂದಿಯಾಗಿದ್ದರು. ಹತ್ತು ವರ್ಷದ ಮೇಲೂ ಇರುತ್ತೇವೆ ಎನ್ನುವವರು ೧೯೯೩ರಲ್ಲಿಯೇ ನಲವತ್ತಾರರಲ್ಲಿ ಮೂವತ್ತು ಮಂದಿ. ಐದು ವರ್ಷದಲ್ಲಿ ಹೆಂಗಸರ ಬುದ್ಧಿ ಹೆಚ್ಚಿತೇ? ಇಲ್ಲ. ಮೊದಲೂ ಇದ್ದ ಬುದ್ಧಿ ಕಣ್ಣಿಗೆ ಬಿತ್ತು, ಅಷ್ಟೆ. ಆ ವರದಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ಅಂಶ ಇನ್ನೊಂದಿದೆ. ಬಡ್ತಿ, ಮಾಹಿತಿ, ಸಂಬಳ, ಒಂಟಿತನ ಈ ಎಲ್ಲ ವಿಷಯಗಳಲ್ಲಿಯೂ ತಮ್ಮ ಸ್ಥಿತಿ ಸುಧಾರಿಸಿತೆಂದು ಗಂಡಸರೂ ಹೇಳಿದರು. ಹೊರಗೆ ನಿಂತವರಿಗಾಗಿ ದಾರಿಯನ್ನು ಸರಿಮಾಡಿದರೆ, ಒಳಗಿದ್ದು ಎಡವುತ್ತಿದ್ದವರೂ ನೆಟ್ಟಗೆ ನಡೆಯುತ್ತಾರೆ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆಯಾಗುತ್ತದೆ ಎಂಬ ಭಯಕ್ಕೆ ಇಲ್ಲಿ ಆಧಾರ ಕಾಣಲಿಲ್ಲ.

ಗುಣವಿದ್ದವನು ತಾನಾಗಿ ಮೇಲೆ ಬರುತ್ತಾನೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದರಲ್ಲಿ ಅರ್ಧ ಸತ್ಯವಿದೆ. ಸೇಬಿನ್, ಟಾಸಿಗ್, ಥಾಮಸ್ ಮೂವರೂ ಗುಣದಿಂದಲೇ ಮೇಲೆ ಬಂದವರು. ಆದರೆ ಸೇಬಿನ್ ಅವರನ್ನು ಗುರುತಿಸಲು ಒಬ್ಬ ಮಾಲ್ ಬೇಕಾಯಿತು. ಮಾಲ್ ಸತ್ತ ವರ್ಷವೇ ಅವರ ದಾರಿಗೆ ಅಡ್ಡಿ ಬಂತು. ಒಬ್ಬ ಹಿರಿಯನ ಕೃಪೆಯ ಮೇಲೆ ನಿಂತ ಬೆಳವಣಿಗೆ ಆ ಹಿರಿಯನ ಆಯುಷ್ಯದಷ್ಟೇ ಗಟ್ಟಿ. ಇಷ್ಟು ಗುಣವಿದ್ದ ಇವರೇ ಇಷ್ಟು ಕಾಯಬೇಕಾದರೆ, ಇವರಿಗಿಂತ ಒಂದು ಗುಲಗಂಜಿ ಕಡಿಮೆ ಹಟವಿದ್ದವರು ಎಷ್ಟು ಮಂದಿ ಹೊರಟುಹೋದರೋ, ಅವರ ಕೈಯಿಂದ ಉಳಿಯಬಹುದಾಗಿದ್ದ ಎಷ್ಟು ಮಕ್ಕಳು ಉಳಿಯದೆ ಹೋದರೋ, ಅದರ ಲೆಕ್ಕ ಯಾವ ದಾಖಲೆಯಲ್ಲೂ ಇಲ್ಲ.

ವಿದ್ಯಾಸಂಸ್ಥೆಯೊಂದು ತನ್ನ ಬಾಗಿಲನ್ನು ತೆರೆಯುವುದು ಒಂದು ದಿನದ ಕೆಲಸ. ಅದಕ್ಕೆ ಸಭೆ, ಭಾಷಣ, ಹೂಮಾಲೆ ಎಲ್ಲ ಇರುತ್ತವೆ. ಒಳಗೆ ಬಂದವರು ಎಲ್ಲಿ ನಿಂತಿದ್ದಾರೆ, ಎಷ್ಟು ದಿನದಿಂದ ನಿಂತಿದ್ದಾರೆ, ಕುಳಿತುಕೊಳ್ಳಿ ಎಂದು ಅವರಿಗೆ ಯಾರಾದರೂ ಹೇಳಿದ್ದಾರೆಯೇ ಎಂದು ನೋಡುವುದು ಪ್ರತಿದಿನದ ಕೆಲಸ. ಅದಕ್ಕೆ ಹೂಮಾಲೆಯಿಲ್ಲ. ಹೆಸರುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಈ ವರ್ಷ ಯಾರನ್ನು ಮರೆತಿದ್ದೇವೆ ಎಂದು ಕೇಳಿಕೊಳ್ಳುವ ತಾಳ್ಮೆಯಿದ್ದರೆ ಸಾಕು.